ಪದವಿಯಿಂದ ಕಾಯಕಕ್ಕೆ ಒಂದು ಕಾಲುಸಂಕ

(ಶ್ರೀಮಠದ ಮಾಸಿಕ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯ ದಾಸೋಹ ಮತ್ತು ಯುವಜನ. ಇದರ ತತ್ತ್ವವನ್ನು ಹೇಳಲು ಇಲ್ಲಿ ನನಗಿಂತ ಬಲ್ಲವರಿದ್ದಾರೆ. ನಾನು ರಸ್ತೆ, ಮೋರಿ, ಸೇತುವೆಗಳ ಲೆಕ್ಕ ಹಾಕುತ್ತ ಸರ್ಕಾರಿ ಸೇವೆ ಮುಗಿಸಿದವನು. ಆದ್ದರಿಂದ ಲೆಕ್ಕದ ಮಾತನ್ನೇ ಆಡುತ್ತೇನೆ. ಹಳ್ಳಿಯ ಕಾಲೇಜಿನಲ್ಲಿ ಓದಿದ ಒಂದು ಮಗು ಕೊನೆಯ ಪರೀಕ್ಷೆ ಬರೆದ ದಿನದಿಂದ ಮೊದಲ ಸಂಬಳ ಕೈಗೆ ಬರುವ ದಿನದವರೆಗೆ ಎಷ್ಟು ದೂರ ನಡೆಯಬೇಕು? ಆ ನಡಿಗೆಗೆ ಎಷ್ಟು ಹಣ ಬೇಕು? ಅದನ್ನು ಈಗ ಯಾರು ಕೊಡುತ್ತಿದ್ದಾರೆ? ನಮ್ಮ ಮಠಗಳು ಏನು ಕೊಡಬಹುದು? ಇಷ್ಟೇ ನನ್ನ ಮಾತು. ಉದಾಹರಣೆಗೆ ದಕ್ಷಿಣ ಕನ್ನಡ ಜಿಲ್ಲೆಯ ಮೂರು ತಾಲ್ಲೂಕುಗಳನ್ನು ಎತ್ತಿಕೊಳ್ಳುತ್ತೇನೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ.

“ಕರಾವಳಿಯಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ? ಅಲ್ಲಿಯ ಮಾತು ಇಲ್ಲೇಕೆ?” ಎಂದು ಕೆಲವರಿಗೆ ಅನ್ನಿಸಬಹುದು. ನಿಜ, ಲಿಂಗಾಯತರು ಅಲ್ಲಿ ಕಡಿಮೆ. ಕೆಳದಿಯ ನಾಯಕರು ತುಳುನಾಡನ್ನು ಆಳಿದ ಕಾಲದ ಗುರುತುಗಳು ಅಲ್ಲಲ್ಲಿ ಉಳಿದಿವೆ. ‘ಭರತೇಶ ವೈಭವ’ ಬರೆದ ಮೂಡುಬಿದಿರೆಯ ಜೈನ ಕವಿ ರತ್ನಾಕರವರ್ಣಿ ಕೆಲಕಾಲ ವೀರಶೈವನಾಗಿದ್ದನೆಂದು ಹೇಳುವ ಪರಂಪರೆಯೂ ಇದೆ. ಅದಕ್ಕಿಂತ ಹೆಚ್ಚಿನ ನಂಟನ್ನು ನಾನು ಹೇಳಹೋಗುವುದಿಲ್ಲ. ಆ ತಾಲ್ಲೂಕುಗಳನ್ನು ಆರಿಸಿಕೊಂಡದ್ದಕ್ಕೆ ಕಾರಣ ಬೇರೆ. ನಮ್ಮವರು ಕಡಿಮೆ ಇರುವ ಕಡೆ ನೋಡಿದಾಗ ಕಣ್ಣಿಗೆ ಜಾತಿ ಅಡ್ಡ ಬರುವುದಿಲ್ಲ, ವಿದ್ಯಾರ್ಥಿ ಮಾತ್ರ ಕಾಣುತ್ತಾನೆ. ಜೊತೆಗೆ ಶಾಲೆ, ಕಾಲೇಜು, ಬ್ಯಾಂಕು, ರಸ್ತೆ ಎಲ್ಲದರಲ್ಲೂ ಹೆಸರು ಮಾಡಿದ ಜಿಲ್ಲೆ ಅದು. ಅಲ್ಲಿಯೂ ಬಗೆಹರಿಯದೆ ಉಳಿದ ತೊಡಕು ಯಾವುದೋ, ಅದು ನಮ್ಮ ಬಯಲುಸೀಮೆಯಲ್ಲಿ ಅದಕ್ಕಿಂತ ದೊಡ್ಡದಾಗಿರುತ್ತದೆ.

ಮೊದಲು ನಮ್ಮ ಮನೆಯ ಆಸ್ತಿಯನ್ನು ಎಣಿಸೋಣ. ವಿದ್ಯೆಗಾಗಿ ಕೊಡುವುದು ನಮ್ಮ ಸಮಾಜಕ್ಕೆ ಹೊಸದಲ್ಲ. ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾದರು. ಅದಕ್ಕೂ ಮುನ್ನವೇ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟಿದ್ದರು. ಹತ್ತು ವರ್ಷದ ನಂತರ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಅವರನ್ನು ನಾವು ಸಪ್ತರ್ಷಿಗಳೆಂದು ನೆನೆಯುತ್ತೇವೆ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಸುತ್ತೂರು ಮಠ 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಸ್ಥಾಪಿಸಿತು. ಸಿದ್ಧಗಂಗೆಯಲ್ಲಿ ಪೂಜ್ಯ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ, ಧರ್ಮ ಕೇಳದೆ ಹತ್ತು ಸಾವಿರದಷ್ಟು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ನಾಡೇ ಅನಾಥವಾದಂತೆ ಅತ್ತದ್ದನ್ನು ನಾವೆಲ್ಲ ಕಂಡಿದ್ದೇವೆ.

ಈ ಹಿರಿಯರು ಬಗೆಹರಿಸಿದ ಸಮಸ್ಯೆ ಯಾವುದು? ಅಂದು ಕಾಲೇಜು ಪಟ್ಟಣದಲ್ಲಿತ್ತು, ಹುಡುಗ ಹಳ್ಳಿಯಲ್ಲಿದ್ದ. ಪಟ್ಟಣಕ್ಕೆ ಹೋದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬುದೇ ಓದಿಗೆ ಅಡ್ಡಿ. ಪ್ರಸಾದ ನಿಲಯ ಆ ಅಡ್ಡಿಯನ್ನು ತೆಗೆಯಿತು. ಓದಿ ಮುಗಿಸಿದರೆ ಗುಮಾಸ್ತನೋ ಮಾಸ್ತರನೋ ಆಗಲು ಅಂದು ಅಷ್ಟೇನೂ ಕಷ್ಟವಿರಲಿಲ್ಲ. ಹಾಗಾಗಿ ಮಠದ ಜವಾಬ್ದಾರಿ ಪರೀಕ್ಷೆಯ ದಿನಕ್ಕೆ ಮುಗಿಯುತ್ತಿತ್ತು. ಅದು ಆ ಕಾಲಕ್ಕೆ ಸರಿಯಾಗಿತ್ತು.

ಈಗ ಆ ಮೂರು ತಾಲ್ಲೂಕುಗಳನ್ನು ನೋಡಿ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, ಮೂಡುಬಿದಿರೆಯ ಶ್ರೀ ಮಹಾವೀರ ಕಾಲೇಜು, ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು, ಇವು ಮೂರೂ 1960ರ ದಶಕದಲ್ಲಿ ಆರಂಭವಾದವು. ಮುಂದೆ ಮೂಡುಬಿದಿರೆಯಲ್ಲಿ ಆಳ್ವಾಸ್ ಸಂಸ್ಥೆಗಳು ಬೆಳೆದವು. ಆಮೇಲೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹಳ್ಳಿಗಳ ನಡುವೆಯೇ ಬಂದವು: ಬಂಟ್ವಾಳ ತಾಲ್ಲೂಕಿನಲ್ಲಿ ಕಾಮಾಜೆ, ವಾಮದಪದವು, ವಿಟ್ಲ, ಬೆಳ್ತಂಗಡಿ ತಾಲ್ಲೂಕಿನಲ್ಲಿ ಬೆಳ್ತಂಗಡಿ ಮತ್ತು ಪುಂಜಾಲಕಟ್ಟೆ. ಅಂದರೆ ಹುಡುಗಿ ಮನೆಯಿಂದಲೇ ಹೋಗಿ ಬಂದು ಬಿ.ಎ., ಬಿ.ಕಾಂ. ಮುಗಿಸಬಹುದು. ಮೊದಲಿನ ಅಡ್ಡಿ ಅಲ್ಲಿ ಬಹುಪಾಲು ಹೋಗಿದೆ. ಹೊಸ ಅಡ್ಡಿ ಕಾಲೇಜಿನ ಗೇಟಿನ ಆಚೆ ನಿಂತಿದೆ.

ಆ ಊರುಗಳ ರೀತಿ ನಮ್ಮ ಊರುಗಳಂತಲ್ಲ. ನಮ್ಮಲ್ಲಿ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳು, ನಡುವೆ ಗುಡಿ, ಮಠ, ಕಟ್ಟೆ. ಅಲ್ಲಿ ಒಂದು ಗುಡ್ಡಕ್ಕೆ ಒಂದು ಮನೆ, ಒಂದು ತೋಟಕ್ಕೆ ಒಂದು ಮನೆ. ಮನೆಯಿಂದ ಡಾಂಬರು ರಸ್ತೆಗೆ ಬರಲು ತೋಟ ದಾಟಬೇಕು, ತೋಡು ದಾಟಬೇಕು. ಚಾರ್ಮಾಡಿಯ ತಪ್ಪಲಿನ ಕಡೆಗೆ ಹೋದಷ್ಟೂ ಈ ನಡಿಗೆ ಉದ್ದವಾಗುತ್ತದೆ. ರಸ್ತೆಗೆ ಬಂದ ಮೇಲೆ ಬಸ್ಸು. 2023ರ ಜೂನ್‌ನಿಂದ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಆದರೆ ಆ ಜಿಲ್ಲೆಯ ಬಹಳಷ್ಟು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಮೂಡುಬಿದಿರೆಯಿಂದ ಮಂಗಳೂರಿಗೆ ಬಹುಕಾಲ ಖಾಸಗಿ ಬಸ್ಸೇ ಗತಿಯಾಗಿತ್ತು. ಹೀಗಾಗಿ ಉಳಿದೆಡೆ ಪುಕ್ಕಟೆಯಾಗಿ ಸಿಗುವ ಪ್ರಯಾಣಕ್ಕೆ ಅಲ್ಲಿಯ ಹುಡುಗಿ ಎಷ್ಟೋ ಕಡೆ ಕಾಸು ಕೊಡಬೇಕು.

ಮನೆಯ ಆದಾಯ ಏನು? ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರು ಇದ್ದವರು ಹೇಗೋ ನಿಭಾಯಿಸುತ್ತಾರೆ. ಇಲ್ಲದವರ ಮನೆಯಲ್ಲಿ ಅಪ್ಪನ ಕೂಲಿ, ಅವ್ವನ ಬೀಡಿ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳ ಜಗಲಿಯಲ್ಲಿ ತಾಯಂದಿರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಕಾಲೇಜು ಬಿಟ್ಟು ಬಂದ ಮಗಳೂ ಪಕ್ಕದಲ್ಲಿ ಕೂರುತ್ತಾಳೆ. ಹೀಗೆ ಕಟ್ಟಿದ ಹಣದಲ್ಲಿ ಪದವಿ ಮುಗಿದಿದೆ. ಈಗ ಆ ಮಗಳಿಗೆ ಬೆಂಗಳೂರಿನಿಂದ ಸಂದರ್ಶನದ ಕರೆ ಬಂತೆನ್ನಿ. ಹೋಗಿ ಬರಲು ಹಣ, ಉಳಿಯಲು ಜಾಗ, ಕೆಲಸ ಸಿಕ್ಕರೆ ಪಿ.ಜಿ.ಗೆ ಮುಂಗಡ, ಮೊದಲ ಸಂಬಳ ಬರುವವರೆಗೆ ಊಟ. ಈ ಲೆಕ್ಕ ಮನೆಯಲ್ಲಿ ಎದ್ದ ಕೂಡಲೇ “ಇರಲಿ ಬಿಡು ಮಗಳೇ, ಇಲ್ಲೇ ಎಲ್ಲಾದರೂ ನೋಡೋಣ” ಎಂಬ ಮಾತು ಬರುತ್ತದೆ. ಅಲ್ಲಿಗೆ ಮೂರು ವರ್ಷದ ಓದು ಜಗಲಿಗೆ ಮರಳುತ್ತದೆ.

“ಸರ್ಕಾರ ಇಷ್ಟೊಂದು ಕೊಡುತ್ತದಲ್ಲ?” ಎಂದು ನೀವು ಕೇಳಬೇಕು. ಕೇಳುವುದು ನ್ಯಾಯ. ಒಂದೊಂದಾಗಿ ನೋಡೋಣ. ಹಿಂದುಳಿದ ವರ್ಗಗಳ ಮಕ್ಕಳಲ್ಲಿ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಯೋಜನೆ ಇದೆ: ವರ್ಷಕ್ಕೆ ಹತ್ತು ತಿಂಗಳು ನೆರವು. 2021ರಲ್ಲಿ ಪ್ರಕಟವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ರೈತರ ಮಕ್ಕಳಿಗೆ ನಿಗದಿಯಾದದ್ದು ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಸರ್ಕಾರಿ ಶಾಲೆ, ಸರ್ಕಾರಿ ಪಿ.ಯು. ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುವ ಏರ್ಪಾಡು ಈಗ ನಮ್ಮ ರಾಜ್ಯಕ್ಕೂ ಬಂದಿದೆ. ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮ 2020ರಲ್ಲಿ ಹುಟ್ಟಿತು. ಅದರ ಬಸವ ಬೆಳಗು ಯೋಜನೆಯಲ್ಲಿ ವೃತ್ತಿಶಿಕ್ಷಣಕ್ಕೆ ಸಾಲ ಸಿಗುತ್ತದೆ. ಬ್ಯಾಂಕುಗಳು 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಒತ್ತೆ ಕೇಳುವುದಿಲ್ಲ. ಇವೆಲ್ಲ ಒಳ್ಳೆಯವೇ. ಆದರೆ ಇವೆಲ್ಲಕ್ಕೂ ಒಂದೇ ಷರತ್ತು: ಮಗು ಕಾಲೇಜಿನಲ್ಲಿ ಓದುತ್ತಿರಬೇಕು. ಕೊನೆಯ ಪರೀಕ್ಷೆ ಮುಗಿದ ಮರುದಿನ ಇದರಲ್ಲಿ ಯಾವುದೂ ಅವಳದಲ್ಲ.

ಇನ್ನೊಂದು ದಡದಲ್ಲಿ ಯುವನಿಧಿ ಇದೆ. 2024ರ ಜನವರಿಯಿಂದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅದು ಯಾವಾಗ ಸಿಗುತ್ತದೆ? ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ. ಈಗ ನಕ್ಷೆ ಹಾಸಿ ನೋಡಿ. ವಿದ್ಯಾರ್ಥಿವೇತನ ಒಂದು ದಡದಲ್ಲಿ ನಿಲ್ಲುತ್ತದೆ. ಯುವನಿಧಿ ಇನ್ನೊಂದು ದಡದಿಂದ ಶುರುವಾಗುತ್ತದೆ. ನಡುವೆ ಆರು ತಿಂಗಳ ಹೊಳೆ. ಕೆಲಸ ಹುಡುಕಲು ಹುರುಪಿರುವುದು, ಓದಿದ್ದು ನೆನಪಿರುವುದು, ಕಂಪನಿಗಳು ಹೊಸಬರನ್ನು ಕರೆಯುವುದು, ಎಲ್ಲವೂ ಈ ಆರು ತಿಂಗಳಲ್ಲೇ. ಖರ್ಚು ಬರುವುದೂ ಇದೇ ಆರು ತಿಂಗಳಲ್ಲಿ. ಈ ಅವಧಿಗೆ ಸರ್ಕಾರದ ಪಟ್ಟಿಯಲ್ಲಿ ಶೀರ್ಷಿಕೆಯೇ ಇಲ್ಲ. ನಮ್ಮ ದಾಸೋಹದ ಪಟ್ಟಿಯಲ್ಲೂ ಇಲ್ಲ. ನಾನು ಇವತ್ತು ಇಲ್ಲಿ ನಿಂತು ಮಾತಾಡುತ್ತಿರುವುದು ಈ ಒಂದೇ ಕಾರಣಕ್ಕೆ.

ಕರಾವಳಿಯಲ್ಲಿ ಕಾಲುಸಂಕ ಎಂಬ ಮಾತಿದೆ. ತೋಡಿಗೆ ಅಡ್ಡಲಾಗಿ ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಮಾಡಿದ ಸಣ್ಣ ಸೇತುವೆ. ಅದರ ಖರ್ಚು ಏನೂ ಅಲ್ಲ. ಆದರೆ ಮಳೆಗಾಲದಲ್ಲಿ ಅದಿಲ್ಲದಿದ್ದರೆ ಆಚೆ ಇರುವ ಕೋಟಿ ರೂಪಾಯಿಯ ರಸ್ತೆ ಆ ಮನೆಯ ಪಾಲಿಗೆ ಇಲ್ಲ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ನಿರ್ಮಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಲಾರಿ ಹೋಗುವ ದೊಡ್ಡ ಸೇತುವೆಗೆ ಕಾಯುತ್ತ ಕೂರದೆ, ಮನುಷ್ಯ ನಡೆದು ದಾಟಲು ಎಷ್ಟು ಬೇಕೋ ಅಷ್ಟನ್ನು, ಎಲ್ಲಿ ಬೇಕೋ ಅಲ್ಲಿ ಅವರು ಕಟ್ಟಿಕೊಟ್ಟರು. ಹಣ ಕೊಡುವವರಿಗೆ ಇದರಲ್ಲಿ ಪಾಠವಿದೆ. ಎಷ್ಟು ಕೊಟ್ಟೆವು ಎನ್ನುವುದಕ್ಕಿಂತ ಎಲ್ಲಿ ಕೊಟ್ಟೆವು ಎನ್ನುವುದು ಮುಖ್ಯ.

ಎರಡನೆಯ ಪಾಠವೂ ಆ ನೆಲದ್ದೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಹಳ್ಳಿಯ ನಿರುದ್ಯೋಗಿ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ. ಕಲಿಕೆ ಉಚಿತ, ಊಟ ಉಚಿತ, ವಸತಿ ಉಚಿತ. ಕೆಲವೇ ವಾರಗಳ ತರಬೇತಿ, ಆದರೆ ಬೆಳಗಿನಿಂದ ರಾತ್ರಿಯವರೆಗೆ ಅದೇ ಧ್ಯಾನ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಆಮೇಲಿನದು. ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳದೆ, ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸಿ, ಎರಡು ವರ್ಷ ಬೆನ್ನ ಹಿಂದೆ ನಿಲ್ಲುತ್ತಾರೆ. ಅಂಗಡಿ ತೆರೆದನೇ, ನಡೆಯುತ್ತಿದೆಯೇ, ಎಲ್ಲಿ ತೊಡಕಾಯಿತು ಎಂದು ಕೇಳುತ್ತಾರೆ. ಈ ಪದ್ಧತಿಯನ್ನು ಕೇಂದ್ರ ಸರ್ಕಾರ 2009ರಿಂದ ಮಾದರಿಯಾಗಿ ತೆಗೆದುಕೊಂಡಿತು. ಇಂದು ದೇಶದಲ್ಲಿ ಐನೂರಕ್ಕೂ ಹೆಚ್ಚು ಜಿಲ್ಲೆಗಳಲ್ಲಿ ಬ್ಯಾಂಕುಗಳು ಇಂಥ ಆರ್‌ಸೆಟಿ ಕೇಂದ್ರಗಳನ್ನು ನಡೆಸುತ್ತಿವೆ. ನಮ್ಮ ಜಿಲ್ಲೆಯಲ್ಲೂ ಇದೆ. ನಮ್ಮ ಎಷ್ಟು ಭಕ್ತರ ಮನೆಯ ಮಕ್ಕಳಿಗೆ ಅದರ ವಿಳಾಸ ಗೊತ್ತಿದೆ?

ಈಗ ಅಂದಾಜುಪಟ್ಟಿಗೆ ಬರೋಣ. ಇದು ಸರ್ಕಾರದ ಅಂಕಿ ಅಲ್ಲ, ನಾನೇ ಹಾಕಿದ ಲೆಕ್ಕ; ಊರಿಂದ ಊರಿಗೆ ಸ್ವಲ್ಪ ಹೆಚ್ಚು ಕಡಿಮೆಯಾದೀತು. ಬಿ.ಕಾಂ. ಮುಗಿಸಿದ ಒಬ್ಬ ಹುಡುಗಿಗೆ ಟ್ಯಾಲಿ, ಕಂಪ್ಯೂಟರ್, ಇಂಗ್ಲಿಷ್ ಮಾತು ಕಲಿಯಲು 8,000. ಅರ್ಜಿ ಶುಲ್ಕ, ಅಂಕಪಟ್ಟಿ, ಪ್ರತಿಗಳಿಗೆ 3,000. ನಾಲ್ಕು ಸಂದರ್ಶನಗಳ ಪ್ರಯಾಣಕ್ಕೆ 6,000. ಮೈಮೇಲೆ ಎರಡು ಜೊತೆ ಒಳ್ಳೆಯ ಬಟ್ಟೆಗೆ 3,000. ನಗರದಲ್ಲಿ ಮೊದಲ ಎರಡು ತಿಂಗಳ ವಸತಿ ಊಟಕ್ಕೆ 15,000, ಮುಂಗಡಕ್ಕೆ 5,000. ಓಡಾಟ, ಫೋನು, ಕೈಖರ್ಚಿಗೆ 5,000. ಒಟ್ಟು 45,000. ಇದರಲ್ಲಿ 20,000 ಬರೀ ತಲೆಯ ಮೇಲಿನ ಸೂರು ಮತ್ತು ಅನ್ನಕ್ಕೆ.

ಅಪ್ರೆಂಟಿಸ್ ಆಗಿ ಸೇರಿದರೂ ಈ ಲೆಕ್ಕ ತಪ್ಪುವುದಿಲ್ಲ. 2019ರ ನಿಯಮದಂತೆ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ಶಿಷ್ಯವೇತನ. ಬೆಂಗಳೂರಿನ ಪಿ.ಜಿ.ಗೆ 7,500 ಕೊಟ್ಟರೆ ಉಳಿಯುವುದು 1,500. ಅಷ್ಟರಲ್ಲಿ ಬಸ್ಸು, ಫೋನು, ಔಷಧ ಎಲ್ಲ ಆಗಬೇಕು. ಒಂದು ವರ್ಷ ಹೀಗೆ ಹಲ್ಲುಕಚ್ಚಿ ನಿಂತವರಿಗೆ ಕೆಲಸದ ಅನುಭವ ಕೈಗೆ ಬರುತ್ತದೆ. ನಿಲ್ಲಲಾರದವರು ಎರಡನೆಯ ತಿಂಗಳಿಗೇ ಊರಿಗೆ ಮರಳುತ್ತಾರೆ. ಹಾಗೆ ಮರಳಿದವರಿಗೆ ಕೆಲಸದಲ್ಲಿ ಶ್ರದ್ಧೆಯಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲದ್ದು ಶ್ರದ್ಧೆಯಲ್ಲ, ತಿಂಗಳಿಗೆ ಎರಡು ಮೂರು ಸಾವಿರ ರೂಪಾಯಿ.

ಹಾಗಾದರೆ ನಮ್ಮ ಮಠಗಳು ಏನು ಮಾಡಬಹುದು? ಪೂಜ್ಯರ ಸನ್ನಿಧಿಯಲ್ಲಿ ಎರಡು ವಿನಂತಿಗಳನ್ನು ಇಡುತ್ತೇನೆ.

ಮೊದಲನೆಯದು ಹಾಸಿಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಲ್ಲಿ ನಮ್ಮ ಸಮಾಜದ ಪ್ರಸಾದ ನಿಲಯಗಳಿವೆ. ಅವುಗಳ ಬಾಗಿಲು ಕಾಲೇಜಿನ ಪ್ರವೇಶಪತ್ರ ತೋರಿಸಿದವರಿಗೆ ತೆರೆಯುತ್ತದೆ, ಕೆಲಸ ಹುಡುಕಿ ಬಂದವರಿಗೆ ತೆರೆಯುವುದು ಅಪರೂಪ. ಪ್ರತಿ ನಿಲಯದಲ್ಲಿ ಹತ್ತು ಹಾಸಿಗೆಗಳನ್ನು ಹೊಸ ಪದವೀಧರರಿಗೆ ಮೂರು ತಿಂಗಳ ಮಟ್ಟಿಗೆ ಕೊಡೋಣ. ಹೆಣ್ಣುಮಕ್ಕಳ ನಿಲಯಗಳು ಇರುವ ಕಡೆ ಇದು ಮೊದಲು ಆಗಲಿ, ಏಕೆಂದರೆ ಎಲ್ಲಿ ಉಳಿಯುತ್ತಾಳೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ಹುಡುಗಿಯರ ಹಾದಿ ಮನೆಯಲ್ಲೇ ಮುಗಿಯುತ್ತದೆ. ಮಠದ ನಿಲಯ ಎಂದರೆ ತಂದೆತಾಯಿ ನಂಬುತ್ತಾರೆ. ಈ ನಂಬಿಕೆಯನ್ನು ಯಾವ ಸರ್ಕಾರದ ಯೋಜನೆಯೂ ಕೊಳ್ಳಲಾರದು. ಹಾಸಿಗೆ ಮತ್ತು ಪ್ರಸಾದ ನಮ್ಮದಾದರೆ ನನ್ನ ಅಂದಾಜಿನ 45,000ದಲ್ಲಿ 20,000 ಕಡಿಮೆಯಾಯಿತು, 25,000 ಉಳಿಯಿತು.

ಎರಡನೆಯದು ಆ 25,000ಕ್ಕೆ ಒಂದು ನಿಧಿ. ವರ್ಷಕ್ಕೆ ಇಪ್ಪತ್ತು ಮಕ್ಕಳು ಎಂದರೆ 5 ಲಕ್ಷ. ನೂರು ಮನೆಯವರು ತಿಂಗಳಿಗೆ 500 ಕೊಟ್ಟರೆ ವರ್ಷಕ್ಕೆ 6 ಲಕ್ಷವಾಗುತ್ತದೆ. ದಿನಕ್ಕೆ ಹದಿನೇಳು ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ಮನೆಮನೆಯಿಂದ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿತ್ತು. ಆ ಎರಡಾಣೆಗಳಿಂದಲೇ ಕರಾವಳಿಯವರು ರಾಷ್ಟ್ರಮಟ್ಟದ ಬ್ಯಾಂಕು ಬೆಳೆಸಿದರು. ದಾಸೋಹ ಹೇಳುವುದೂ ಅದನ್ನೇ: ಒಬ್ಬ ಶ್ರೀಮಂತನ ಬಳಿ ಮಿಕ್ಕಿದ್ದಲ್ಲ, ಎಲ್ಲರ ಕಾಯಕದ ಒಂದು ಪಾಲು. ಆಯ್ದಕ್ಕಿ ಲಕ್ಕಮ್ಮ ತಾಯಿ ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಾದುದನ್ನು ಮರಳಿ ಸುರಿದು ಬರಲು ಕಳಿಸಿದ ಪ್ರಸಂಗ ನಮಗೆಲ್ಲ ತಿಳಿದದ್ದು. ಬಡತನದಲ್ಲಿದ್ದೂ ದಾಸೋಹ ನಡೆಸಿದ ದಂಪತಿ ಅವರು.

ದೊಡ್ಡ ಕಂಪನಿಗಳ ಹಣವೂ ಇದಕ್ಕೆ ಬರಬಹುದು. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಅದನ್ನು ಪಡೆಯಲು ನಮ್ಮ ಟ್ರಸ್ಟಿನ ಆದಾಯ ತೆರಿಗೆ ನೋಂದಣಿಗಳು ಸರಿಯಿರಬೇಕು, ಕಂಪನಿ ವ್ಯವಹಾರಗಳ ಇಲಾಖೆಯಲ್ಲಿ ಸಿ.ಎಸ್.ಆರ್.-1 ನೋಂದಣಿ ಆಗಿರಬೇಕು, ಮತ್ತು ಹಣ ಯಾರಿಗೆ ಹೋಯಿತು, ಅವರು ಎಲ್ಲಿ ಮುಟ್ಟಿದರು ಎಂಬ ಲೆಕ್ಕ ಕೈಯಲ್ಲಿರಬೇಕು. ಈ ಕೊನೆಯದು ಇಲ್ಲದೆ ಉಳಿದೆರಡರಿಂದ ಪ್ರಯೋಜನವಿಲ್ಲ.

ಕೊಡುವ ರೀತಿಯ ಬಗ್ಗೆ ಕೆಲವು ಮಾತು. ಪ್ರತಿ ವರ್ಷ ನಾವು ಪ್ರತಿಭಾ ಪುರಸ್ಕಾರ ಮಾಡುತ್ತೇವೆ. ನೂರಕ್ಕೆ ತೊಂಬತ್ತೈದು ಪಡೆದವರಿಗೆ ಶಾಲು, ಫಲಕ, ಫೋಟೋ. ಆ ಮಕ್ಕಳನ್ನು ಹರಸೋಣ, ಆದರೆ ಅವರು ನಾವಿಲ್ಲದೆಯೂ ದಾಟುತ್ತಾರೆ. ನೂರಕ್ಕೆ ಐವತ್ತೈದು, ಅರವತ್ತು ಪಡೆದು ಹಿಂದಿನ ಸಾಲಿನಲ್ಲಿ ಕುಳಿತವರನ್ನು ಯಾರೂ ಕರೆಯುವುದಿಲ್ಲ. ಈ ನಿಧಿ ಅವರದಾಗಲಿ. ಹಣ ಹುಡುಗಿಯ ಸ್ವಂತ ಬ್ಯಾಂಕ್ ಖಾತೆಗೇ ಹೋಗಲಿ. ಒಂದೇ ಗಂಟಲ್ಲಿ ಬೇಡ. ತರಬೇತಿಗೆ ಸೇರಿದಾಗ ಒಂದು ಕಂತು, ಸಂದರ್ಶನಕ್ಕೆ ಹೊರಟಾಗ ಒಂದು, ಕೆಲಸಕ್ಕೆ ಸೇರಿದಾಗ ಒಂದು. ಕಾಮಗಾರಿಗೆ ಬಿಲ್ಲು ಕೊಡುವುದೂ ಹೀಗೆಯೇ. ಅರ್ಜಿ ಒಂದೇ ಪುಟದ್ದಿರಲಿ, ಉತ್ತರ ಹದಿನೈದು ದಿನದಲ್ಲಿ ಹೋಗಲಿ. ಸಂದರ್ಶನ ಮುಗಿದ ಮೇಲೆ ಬಂದ ಹಣ ಮಳೆಗಾಲ ಮುಗಿದ ಮೇಲೆ ಹಾಕಿದ ಕಾಲುಸಂಕದಂತೆ. ಪ್ರತಿ ಮಗುವಿಗೆ ಒಬ್ಬ ಹಿರಿಯರು ಜೊತೆಯಿರಲಿ: ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ನರ್ಸು, ಯಾರಾದರೂ ಸರಿ. ತಿಂಗಳಿಗೊಮ್ಮೆ ಫೋನು, ಒಂದೂವರೆ ವರ್ಷದವರೆಗೆ. ಆಯ್ಕೆ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಲಿ. ಕೊಟ್ಟವರ ಲೆಕ್ಕವನ್ನು ಮಠದ ಫಲಕದಲ್ಲಿ ಹಾಕೋಣ, ಪಡೆದವರ ಹೆಸರನ್ನು ಹಾಕುವುದು ಬೇಡ. ನೆರವು ಪಡೆದ ಮಗು ವೇದಿಕೆಗೆ ಬಂದು ಕೈಮುಗಿಯುವ ಪದ್ಧತಿಯೂ ಬೇಡ.

ಇಲ್ಲಿ ಮೂರು ಆಕ್ಷೇಪಗಳು ಬರುತ್ತವೆ. ಒಂದು, “ಪುಕ್ಕಟೆ ಕೊಟ್ಟರೆ ಸೋಮಾರಿಗಳಾಗುತ್ತಾರೆ, ಸಾಲವಾಗಿ ಕೊಡಿ.” ದೊಡ್ಡ ಮೊತ್ತಕ್ಕೆ ಸಾಲ ಸರಿ, ಅದಕ್ಕೆ ಬ್ಯಾಂಕುಗಳಿವೆ. ಆದರೆ ಇನ್ನೂ ಸಂಬಳವೇ ಇಲ್ಲದ ಮಗುವಿಗೆ 25,000 ಸಾಲ ಎಂದರೆ ಮನೆಯವರು ಬೇಡ ಎನ್ನುತ್ತಾರೆ. ಹೆಣ್ಣುಮಗುವಾದರೆ ಎರಡು ಬಾರಿ ಬೇಡ ಎನ್ನುತ್ತಾರೆ. ನೆರವಾಗಿಯೇ ಕೊಡೋಣ. ನೆಲೆ ನಿಂತ ಮೇಲೆ ಅವಳೂ ತಿಂಗಳಿಗೆ 500 ಕೊಡುವ ನೂರು ಮನೆಗಳಲ್ಲಿ ಒಬ್ಬಳಾದರೆ ಅದು ಅವಳ ಸಂತೋಷ. ಅದನ್ನು ಷರತ್ತಾಗಿ ಬರೆಯುವುದು ಬೇಡ.

ಎರಡು, “ನಮ್ಮ ಸಮಾಜದ ಹಣ ನಮ್ಮ ಮಕ್ಕಳಿಗಷ್ಟೇ ಇರಲಿ.” ಇದು ಎದುರಿಗೆ ಮೆಲ್ಲಗೆ, ಹಿಂದೆ ಜೋರಾಗಿ ಬರುವ ಮಾತು. ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೋಳಿಗೆ ಮಾರಯ್ಯ, ಹರಳಯ್ಯ ಒಟ್ಟಿಗೆ ಕುಳಿತಿದ್ದರು. ಅರ್ಜಿಯಲ್ಲಿ ಜಾತಿಯ ಕಲಂ ಇಟ್ಟುಕೊಂಡು ನಾವು ಬಸವಣ್ಣನವರ ಹೆಸರಿನ ನಿಧಿ ನಡೆಸಲು ಬರುವುದಿಲ್ಲ. ಸಿದ್ಧಗಂಗೆ ಕೇಳದ ಪ್ರಶ್ನೆಯನ್ನು ನಾವೂ ಕೇಳದಿರೋಣ. ಆದಾಯ ಕೇಳೋಣ, ಊರು ಕೇಳೋಣ, ಮುಂದೇನು ಮಾಡಬೇಕೆಂದಿದ್ದೀ ಎಂದು ಕೇಳೋಣ. ಅಷ್ಟು ಸಾಕು.

ಮೂರನೆಯದು ನಮ್ಮದೇ ಭಾಷೆಯಲ್ಲಿ ಬರುತ್ತದೆ: “ಎಲ್ಲರಿಗೂ ಆಫೀಸಿನ ಕೆಲಸವೇ ಏಕೆ? ಕಾಯಕದಲ್ಲಿ ಮೇಲು ಕೀಳಿಲ್ಲವಲ್ಲ.” ಮಾತು ಸರಿ. ಬಿ.ಎ. ಓದಿದವನು ಮೋಟಾರು ರಿಪೇರಿ ಕಲಿತರೆ, ಹೈನುಗಾರಿಕೆ ಹಿಡಿದರೆ ಅದು ಸೋಲಲ್ಲ. ನಿಧಿ ಅವನಿಗೂ ಅಷ್ಟೇ ತೆರೆದಿರಬೇಕು. ಆದರೆ ಒಂದನ್ನು ಗಮನಿಸಿ. ಬಡವರ ಮಕ್ಕಳಿಗೆ ಕಾಯಕದ ಉಪದೇಶ, ನಮ್ಮ ಮಕ್ಕಳಿಗೆ ಮೆಡಿಕಲ್ ಸೀಟು ಎಂದಾದರೆ ಆ ಉಪದೇಶಕ್ಕೆ ಬೆಲೆಯಿಲ್ಲ. ಕಾಯಕವೆಂದರೆ ತಾನು ಆರಿಸಿಕೊಂಡ ಕೆಲಸ. ಹುಟ್ಟಿದ ಮನೆ ಹೊರಿಸಿದ ಕೆಲಸ ಕಾಯಕವಲ್ಲ, ಅದನ್ನು ಮುರಿಯಲೆಂದೇ ಶರಣರು ಬಂದದ್ದು. ಆರಿಸಿಕೊಳ್ಳಲು ಎರಡು ದಾರಿಯಾದರೂ ಕಣ್ಣೆದುರು ಇರಬೇಕು. ಬೀಡಿಯ ಮೊರದ ಮುಂದೆ ಕುಳಿತ ಪದವೀಧರೆಗೆ ಈಗ ಇರುವುದು ಒಂದೇ ದಾರಿ. ಎರಡನೆಯದನ್ನು ತೆರೆದುಕೊಡುವುದೇ ನಾವು ಮಾಡಬಹುದಾದ ದಾಸೋಹ. ಯಾವುದರಲ್ಲಿ ನಡೆಯಬೇಕೆಂಬುದು ಅವಳಿಗೆ ಬಿಟ್ಟದ್ದು.

ಇಲ್ಲಿ ಕುಳಿತ ನಮ್ಮ ಮಕ್ಕಳಿಗೂ ಒಂದು ಮಾತು. ಕೊನೆಯ ವರ್ಷಕ್ಕೆ ಕಾಲಿಟ್ಟ ಕೂಡಲೇ ನಾಲ್ಕು ಕೆಲಸ ಮಾಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ, ಅದಿಲ್ಲದೆ ಮಂಜೂರಾದ ಹಣವೂ ಬಾರದು. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ನಿಮ್ಮ ಜಿಲ್ಲೆಯ ಆರ್‌ಸೆಟಿ ಕೇಂದ್ರಕ್ಕೆ ಒಮ್ಮೆ ಹೋಗಿ ಯಾವ ತರಬೇತಿ ಯಾವ ತಿಂಗಳು ಎಂದು ಬರೆದುಕೊಂಡು ಬನ್ನಿ. ಆಳ್ವಾಸ್ ಪ್ರಗತಿಯಂಥ ಉದ್ಯೋಗ ಮೇಳಗಳಿಗೆ ಪದವಿ ಕೈಗೆ ಬರುವ ಮೊದಲೇ ಒಮ್ಮೆ ಹೋಗಿ ನೋಡಿ. ಸಂಕೋಚಪಡಬೇಡಿ. ಕೇಳುವುದು ಭಿಕ್ಷೆಯಲ್ಲ.

ನನ್ನ ವಿನಂತಿ ದೊಡ್ಡದಲ್ಲ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಹತ್ತು ಹಾಸಿಗೆ, ನೂರು ಮನೆ, ಇಪ್ಪತ್ತು ಮಕ್ಕಳು. ಬರುವ ಪರೀಕ್ಷೆಗಳು ಮುಗಿಯುವುದರೊಳಗೆ ನಮ್ಮ ಮಠದಲ್ಲಿ ಇಷ್ಟನ್ನು ಶುರುಮಾಡಬಹುದು. ಹೆಸರು ಬರೆಸಲು ಒಂದು ಪುಸ್ತಕವನ್ನು ಪ್ರಸಾದ ನಿಲಯದ ಬಾಗಿಲ ಬಳಿ ಇಟ್ಟಿದ್ದಾರೆ. ಪ್ರಸಾದ ಸ್ವೀಕರಿಸಿ ಹೊರಡುವಾಗ ಒಮ್ಮೆ ಅತ್ತ ನೋಡಿ.